ಟ್ಯಾಂಕಿನ ರಾತ್ರಿ ಲೆಕ್ಕದಿಂದ ಸೋರಿಕೆ ಹಿಡಿದದ್ದು

ಟ್ಯಾಂಕಿನ ಮಟ್ಟ ಅಳೆದರೆ ನೆಲದೊಳಗೆ ಪೈಪ್ ಸೋರುವುದು ಹೇಗೆ ತಿಳಿಯುತ್ತದೆ ಎಂದು ಕೇಳಿದವರೇ ಹೆಚ್ಚು. ತಿಳಿಯುತ್ತದೆ. ಧಾರವಾಡದಲ್ಲಿ ದಿನವಿಡೀ (24×7) ನೀರು ಬರುವ ಒಂದು ಬಡಾವಣೆಯ ಟ್ಯಾಂಕ್ 5 ಲಕ್ಷ ಲೀಟರಿನದು, ಆಳ 4 ಮೀಟರ್. 1 ಸೆಂ.ಮೀ. ಇಳಿದರೆ 1,250 ಲೀಟರ್ ಹೋಯಿತು. ಸವದತ್ತಿಯ ಮಲಪ್ರಭೆಯಿಂದ ಕರೆಂಟು ಸುಟ್ಟು ಎತ್ತಿ ತಂದ ನೀರದು.

ಮೊದಲು ಹಾಕಿದ್ದು ಸುಮಾರು 500 ರೂಪಾಯಿಯ ಅಲ್ಟ್ರಾಸಾನಿಕ್ ಸೆನ್ಸರ್; ಮೇಲಿನಿಂದ ದನಿ ಬಿಟ್ಟು, ನೀರಿಗೆ ಬಡಿದು ಮರಳಲು ಹಿಡಿದ ಹೊತ್ತಿನಿಂದ ಮಟ್ಟ ಅಳೆಯುತ್ತದೆ. ಹಬೆ ಅದರ ಮುಖಕ್ಕೆ ಹನಿಗಟ್ಟಿತು, ಏಣಿಗೆ ಬಡಿದು ಬಂದ ದನಿಯನ್ನೇ ನೀರೆಂದು ಓದಿತು. ಸೆಕೆ 20 ಡಿಗ್ರಿಯಿಂದ 40ಕ್ಕೆ ಏರಿದರೆ ದನಿಯ ವೇಗ ಹೆಚ್ಚಿ 3 ಮೀಟರಿಗೆ 10 ಸೆಂ.ಮೀ. ತಪ್ಪು. ರೀಡಿಂಗನ್ನು ಮೊಬೈಲ್ ಜಾಲಕ್ಕೆ ಕಳಿಸುವ ಸಿಮ್ ಮಾಡ್ಯೂಲ್ ಡೇಟಾ ಕಳಿಸುವಾಗ 2 ಆಂಪಿಯರ್ ಎಳೆದು ಬೋರ್ಡನ್ನೇ ರೀಸೆಟ್ ಮಾಡುತ್ತಿತ್ತು; ದಪ್ಪ ತಂತಿ, ಪಕ್ಕದಲ್ಲೇ ಕರೆಂಟು ಕೂಡಿಟ್ಟು ಥಟ್ಟನೆ ಕೊಡುವ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು.

ಆಮೇಲೆ ನೀರಿಗೆ ಇಳಿಬಿಟ್ಟು ಮೇಲಿನ ನೀರಿನ ಒತ್ತಡದಿಂದ ಮಟ್ಟ ಓದುವ ಪ್ರೆಶರ್ ಸೆನ್ಸರ್, ಏಳೆಂಟು ಸಾವಿರ. ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ. ಹೊರಗಿನ ಗಾಳಿಯ ಒತ್ತಡವನ್ನು ಲೆಕ್ಕದಿಂದ ಕಳೆಯಲು ಅದರ ಕೇಬಲ್ಲಿನೊಳಗೆ ಒಂದು ಗಾಳಿ ನಳಿಕೆ ಇರುತ್ತದೆ; ಮಳೆಹನಿ ಹೋಗಬಾರದೆಂದು ಅದರ ಬಾಯಿಗೆ ಎಂಸೀಲ್ ಮೆತ್ತಿದ್ದೆ. ರಾತ್ರಿ 10ರಿಂದ ಬೆಳಗಿನ 4ರವರೆಗೆ ಗಾಳಿಯ ಒತ್ತಡ ಒಂದೆರಡು ಮಿಲಿಬಾರ್ ಇಳಿಯುವುದು ನಿತ್ಯದ ಮಾತು. ಒಂದು ಮಿಲಿಬಾರ್ ಅಂದರೆ ಒಂದು ಸೆಂ.ಮೀ. ನೀರು. ನಳಿಕೆ ಬಂದ್ ಆದರೆ ಅದೆಲ್ಲ ಸೋರಿಕೆಯಂತೆಯೇ ಕಾಣುತ್ತದೆ. ಇಲ್ಲದ ಸೋರಿಕೆಗೆ ಎರಡು ಕಡೆ ಅಗೆಸಿ 20 ಸಾವಿರದ ಹತ್ತಿರ ಮಣ್ಣುಪಾಲು. ನಳಿಕೆಯ ಬಾಯಿ ತೆರೆದೇ ಇರಬೇಕು, ಕೆಳಮುಖವಾಗಿ, ಸಿಲಿಕಾ ಜೆಲ್ ಡಬ್ಬಿಯೊಳಗೆ.

ಪರೀಕ್ಷೆ ರಾತ್ರಿ 1ರ ಮೇಲೆ, ಮನೆಗಳ ಬಳಕೆ ಹೆಚ್ಚುಕಡಿಮೆ ನಿಂತಾಗ. ಟ್ಯಾಂಕಿಗೆ ಏರುವ ನೀರು ಬಂದ್, ಹೊರಡುವ ವಾಲ್ವ್‌ಗಳೂ ಬಂದ್. ಆಗಲೂ ಮಟ್ಟ ಇಳಿದರೆ ಟ್ಯಾಂಕೇ ಸೋರುತ್ತಿದೆ, ಇಲ್ಲವೇ ಯಾವುದೋ ವಾಲ್ವ್ ಪೂರ್ತಿ ಕೂತಿಲ್ಲ. ನಂತರ ಒಂದೊಂದೇ ಲೈನ್ ಬಿಟ್ಟು 40 ನಿಮಿಷ ನೋಡುವುದು. ಸೆಕೆಂಡಿಗೊಂದು ರೀಡಿಂಗ್, ನಿಮಿಷದ ಸರಾಸರಿ. ಫ್ಲೋಟ್ ಕೆಟ್ಟು ತುಂಬಿ ಹರಿಯುವ ಮನೆ ಸಂಪು ಕೂಡ ಸೋರಿಕೆಯಂತೆ ಕಾಣುತ್ತದೆ.

ಮೂರನೇ ಲೈನಿನಲ್ಲಿ ಗಂಟೆಗೆ 2 ಸೆಂ.ಮೀ. ಇಳಿಯಿತು. ಮೇಲೆ ಒಂದು ಹನಿ ಒದ್ದೆಯಿರಲಿಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿದು ಜಾಯಿಂಟನ್ನೇ ಎಳೆದಿತ್ತು, ನೀರು ಬಿರುಕಿನೊಳಗೇ ಇಳಿದು ಗಟಾರ ಸೇರುತ್ತಿತ್ತು. ಕಬ್ಬಿಣದ ಸರಳು ಊರಿ ಕಿವಿಗೊಟ್ಟು ಜಾಗ ಗುರುತಿಸಿದೆವು. ಈ ಸಲ ಒಂದೇ ಗುಂಡಿ. ಸೋಲಾರ್ ಸೇರಿ ಇಡೀ ಸೆಟ್ಟಿಗೆ ಹದಿನಾಲ್ಕು ಸಾವಿರದಷ್ಟಾಯಿತು.

ಬಿಟ್ಟ ಅಲ್ಟ್ರಾಸಾನಿಕ್ಕನ್ನು ಹುಬ್ಬಳ್ಳಿಯಲ್ಲಿ ನಾಲಾ ಸೇತುವೆಯ ಅಡಿ ಕಟ್ಟಿದ್ದೇನೆ. ಅಡ್ಡಮಳೆಗೆ ನಾಲಾ ಏರುವಾಗ 10 ಸೆಂ.ಮೀ. ತಪ್ಪು ಲೆಕ್ಕಕ್ಕಿಲ್ಲ. ತೇಲಿ ಬಂದು ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ಕನ್ನು ಮಾತ್ರ ಅದು ಇನ್ನೂ ನೀರೆಂದೇ ಓದುತ್ತಿದೆ.