ಡ್ಯಾಟ್ ಜೀನ್ ಇಲ್ಲದ ಇಲಿಗಳ ಜೊತೆ ಮೂರು ವರ್ಷ

ಮೊದಲ ಸಲ ಪೆಟ್ಟಿಗೆಯೊಳಗೆ ಬಿಟ್ಟಾಗ ಆ ಇಲಿ ಎರಡು ಗಂಟೆ ನಿಲ್ಲಲೇ ಇಲ್ಲ. ಅದೇ ಸೂಲಿನಲ್ಲಿ ಹುಟ್ಟಿದ ಸಾಮಾನ್ಯ ಇಲಿ ಪಕ್ಕದ ಪೆಟ್ಟಿಗೆಯಲ್ಲಿತ್ತು. ಅದು ಸ್ವಲ್ಪ ಹೊತ್ತು ಮೂಲೆ ಮೂಲೆ ಮೂಸಿ ನೋಡಿತು. ಆಮೇಲೆ ಒಂದು ಕಡೆ ಕೂತು ಮೈ ನೆಕ್ಕಿಕೊಳ್ಳತೊಡಗಿತು. ಈ ಇಲಿ ಮಾತ್ರ ಗೋಡೆಗುಂಟ ಓಡುತ್ತಲೇ ಇತ್ತು. ಎರಡಕ್ಕೂ ಅಪ್ಪ ಅಮ್ಮ ಒಂದೇ, ಊಟ ಒಂದೇ. ವ್ಯತ್ಯಾಸ ಇದ್ದದ್ದು ಒಂದು ಜೀನಿನಲ್ಲಿ.

ನಾನು ಅಮೆರಿಕದ ಒಂದು ಲ್ಯಾಬಿನಲ್ಲಿ ಈ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಇವನ್ನು ಡ್ಯಾಟ್ ನಾಕೌಟ್ ಇಲಿಗಳು, ಅಂದರೆ ಡ್ಯಾಟ್ ಜೀನನ್ನು ಕೆಲಸ ಮಾಡದಂತೆ ಮಾಡಿದ ಇಲಿಗಳು ಅನ್ನುತ್ತಾರೆ. ಡ್ಯೂಕ್ ವಿಶ್ವವಿದ್ಯಾಲಯದ ಮಾರ್ಕ್ ಕ್ಯಾರನ್ ಅವರ ತಂಡ 1996ರಲ್ಲಿ ಇವುಗಳ ಬಗ್ಗೆ ಮೊದಲು ಬರೆಯಿತು. ಡ್ಯಾಟ್ ಅಂದರೆ ಡೋಪಮೈನ್ ಟ್ರಾನ್ಸ್‌ಪೋರ್ಟರ್. ಡೋಪಮೈನ್ ಮಿದುಳಿನಲ್ಲಿ ಸಂದೇಶ ಸಾಗಿಸುವ ಒಂದು ರಾಸಾಯನಿಕ. ನರಕೋಶ ಅದನ್ನು ಹೊರಗೆ ಬಿಡುತ್ತದೆ, ಕೆಲಸ ಮುಗಿದ ಮೇಲೆ ಈ ಪ್ರೋಟೀನ್ ಅದನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಅಂಗಳದಲ್ಲಿ ಹರಡಿದ ಕಾಳನ್ನು ಬಾಚಿ ಕಣಜಕ್ಕೆ ತುಂಬುವ ಆಳಿನ ಹಾಗೆ. ಆ ಆಳೇ ಇಲ್ಲದಿದ್ದರೆ? ಡೋಪಮೈನ್ ಹೊರಗೇ ಉಳಿಯುತ್ತದೆ, ಸಾಮಾನ್ಯ ಇಲಿಗಿಂತ ಕಡೇಪಕ್ಷ ನೂರು ಪಟ್ಟು ಹೆಚ್ಚು ಹೊತ್ತು.

ಅಷ್ಟೇ ಆಗಿದ್ದರೆ ನನ್ನ ಕೆಲಸ ಸುಲಭ ಇತ್ತು. ಆದರೆ ಅಂಗಳ ತುಂಬಿದ ಇಲಿಯಲ್ಲಿ ಕಣಜ ಬರಿದಾಗಿರುತ್ತದೆ. ಕೋಶದ ಹೊರಗೆ ಡೋಪಮೈನ್ ಸುಮಾರು ಐದು ಪಟ್ಟು ಜಾಸ್ತಿ, ಒಳಗಿನ ದಾಸ್ತಾನು ಮಾತ್ರ ಸಾಮಾನ್ಯದ ಇಪ್ಪತ್ತರಲ್ಲಿ ಒಂದು ಪಾಲು. ಡೋಪಮೈನನ್ನು ಹಿಡಿಯುವ ರಿಸೆಪ್ಟರುಗಳೂ ಕಡಿಮೆಯಾಗಿರುತ್ತವೆ. ಹುಟ್ಟಿದಂದಿನಿಂದ ಮಿದುಳು ಈ ಕೊರತೆಗೆ ಹೊಂದಿಕೊಳ್ಳುತ್ತಾ ಬೆಳೆದಿದೆ. ಹಾಗಾಗಿ ನಾನು ಪೆಟ್ಟಿಗೆಯಲ್ಲಿ ನೋಡುತ್ತಿರುವುದು ಒಂದು ಜೀನ್ ಇಲ್ಲದ್ದನ್ನಾ, ಅದಿಲ್ಲದೆ ಬಾಳಿದ ಇಡೀ ಮಿದುಳನ್ನಾ? ಮೂರು ವರ್ಷದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೊದಲ ವರ್ಷದ ಹೆಚ್ಚಿನ ಸಮಯ ಇಲಿ ಸಾಕುವುದರಲ್ಲೇ ಹೋಯಿತು. ಜೀನ್ ಪೂರ್ತಿ ಇಲ್ಲದ ಹೆಣ್ಣುಗಳು ಮರಿಗಳನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ. ಅದಕ್ಕೇ ಜೀನಿನ ಎರಡು ಪ್ರತಿಗಳಲ್ಲಿ ಒಂದು ಇದ್ದು ಒಂದು ಇಲ್ಲದ ಗಂಡು ಹೆಣ್ಣನ್ನು ಜೋಡಿ ಮಾಡಬೇಕು. ಆಗ ಹುಟ್ಟುವ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು ನಾಕೌಟ್. ಎಂಟು ಮರಿ ಹುಟ್ಟಿದರೆ ಎರಡು, ಅದರಲ್ಲಿ ಗಂಡು ಒಂದು. ಒಂದು ಪ್ರಯೋಗಕ್ಕೆ ಹನ್ನೆರಡು ಗಂಡು ಬೇಕು ಅಂದರೆ ಎಷ್ಟು ಸೂಲು ಕಾಯಬೇಕು ನೋಡಿ.

ನಾಕೌಟ್ ಮರಿಗಳು ಸಣ್ಣಗಿರುತ್ತವೆ, ಕೆಲವು ಬದುಕುವುದೇ ಇಲ್ಲ. 21ನೇ ದಿನಕ್ಕೆ ತಾಯಿಯಿಂದ ಬೇರೆ ಮಾಡುವುದು ವಾಡಿಕೆ. ನಾನೂ ಹಾಗೇ ಮಾಡಿ ಮೊದಲ ಎರಡು ಸೂಲುಗಳಲ್ಲಿ ನಾಕೌಟ್ ಮರಿಗಳನ್ನೆಲ್ಲ ಕಳೆದುಕೊಂಡೆ. ಬೆಳಗ್ಗೆ ಪಂಜರ ತೆಗೆದಾಗ ತಣ್ಣಗಾಗಿದ್ದ ಆ ಸಣ್ಣ ಮೈಗಳನ್ನು ಕೈಯಲ್ಲಿ ಹಿಡಿದದ್ದು ಇನ್ನೂ ನೆನಪಿದೆ. ಪಂಜರಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರು ದಾರಿ ತೋರಿಸಿದರು. ಇನ್ನೊಂದು ವಾರ ತಾಯಿಯ ಜೊತೆ ಬಿಡು, ಊಟದ ಉಂಡೆಯನ್ನು ನೀರಲ್ಲಿ ನೆನೆಸಿ ಪಂಜರದ ನೆಲದ ಮೇಲೇ ಇಡು ಅಂದರು. ಈ ಸಣ್ಣ ಮರಿಗಳಿಗೆ ಮೇಲಿರುವ ಊಟ ಸುಲಭಕ್ಕೆ ಎಟುಕುವುದಿಲ್ಲ. ಆಮೇಲೆ ಸಾಯುವುದು ತುಂಬ ಕಡಿಮೆಯಾಯಿತು. ಪ್ರಕಟವಾಗುವ ಲೇಖನಗಳಲ್ಲಿ ಇಂಥ ಮಾತಿಗೆ ಒಂದು ಸಾಲೂ ಸಿಗುವುದಿಲ್ಲ. ಸಿಗಬೇಕು.

ಇನ್ನೊಂದು ತಪ್ಪು ಮಾಡಿದೆ. ಯಾವ ಇಲಿ ಯಾವ ಗುಂಪಿನದು ಅಂತ ಪರೀಕ್ಷೆ ಮಾಡುವವರಿಗೆ ಗೊತ್ತಿರಬಾರದು. ಕಿವಿಯ ಚೂರಿನಿಂದ ಜೀನ್ ಪರೀಕ್ಷಿಸಿ ಫಲಿತಾಂಶವನ್ನು ಗೆಳತಿಯ ಕೈಲಿ ಕೊಟ್ಟಿಟ್ಟೆ. ಏನು ಪ್ರಯೋಜನ? ಇಲಿಯ ಗಾತ್ರ ನೋಡಿದರೇ ಗೊತ್ತಾಗುತ್ತದೆ ಅಲ್ವಾ! ವಿಡಿಯೋ ನೋಡಿ ನಾನು ಕೈಯಾರೆ ಬರೆದ ಲೆಕ್ಕದಲ್ಲಿ, ಅನುಮಾನ ಬಂದ ಕಡೆಯೆಲ್ಲ ನಾಕೌಟ್ ಇಲಿಗೇ ಜಾಸ್ತಿ ಬಿದ್ದಿತ್ತು. ಆ ಲೆಕ್ಕವನ್ನೆಲ್ಲ ಬಿಟ್ಟುಬಿಟ್ಟೆ. ಈಗ ಪೆಟ್ಟಿಗೆಯ ಸುತ್ತ ಇನ್ಫ್ರಾರೆಡ್ ಕಿರಣಗಳಿವೆ. ಇಲಿ ಅಡ್ಡ ಬಂದಾಗೆಲ್ಲ ಯಂತ್ರವೇ ಎಣಿಸುತ್ತದೆ. ಹೋಲಿಕೆಗೆ ಅದೇ ಸೂಲಿನ ಸಾಮಾನ್ಯ ಮರಿಯನ್ನೇ ಇಡುತ್ತೇನೆ, ಹೊರಗಿನಿಂದ ತರಿಸುವುದಿಲ್ಲ. ಒಂದು ಇಲಿ ತೆಗೆದ ಮೇಲೆ ಪೆಟ್ಟಿಗೆಯನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಒರೆಸಿ, ವಾಸನೆ ಹೋಗುವವರೆಗೆ ಕಾದು, ಆಮೇಲೆ ಇನ್ನೊಂದನ್ನು ಬಿಡುತ್ತೇನೆ.

ಲೆಕ್ಕವನ್ನು ಐದೈದು ನಿಮಿಷಕ್ಕೆ ಒಡೆದು ನೋಡಿದಾಗ ವಿಷಯ ತಿಳಿಯಾಯಿತು. ಮೊದಲ ಐದು ನಿಮಿಷದಲ್ಲಿ ಎರಡೂ ಗುಂಪಿನ ನಡುವೆ ಅಂಥಾ ದೊಡ್ಡ ಅಂತರ ಇರಲಿಲ್ಲ. ಹೊಸ ಜಾಗದಲ್ಲಿ ಎಲ್ಲ ಇಲಿಯೂ ಓಡಾಡುತ್ತದೆ. ಸಾಮಾನ್ಯ ಇಲಿಗೆ ಸ್ವಲ್ಪ ಹೊತ್ತಿಗೆ ಜಾಗ ಹಳೆಯದಾಗುತ್ತದೆ. ನಾಕೌಟ್ ಇಲಿಗೆ ಅದು ಹಳೆಯದಾಗುವುದೇ ಇಲ್ಲ. ಸುಮ್ನೆ ಒಟ್ಟು ದೂರ ಮಾತ್ರ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಮುಂದಿನದು ಔಷಧಿ. ಕೊಕೇನ್ ಓಟ ಹೆಚ್ಚಿಸುವುದು ಮುಖ್ಯವಾಗಿ ಡ್ಯಾಟನ್ನು ಹಿಡಿದು. ಡ್ಯಾಟ್ ಇಲ್ಲದ ಇಲಿಗೆ ಅದನ್ನು ಕೊಟ್ಟರೆ ಓಟ ಹೆಚ್ಚುವುದಿಲ್ಲ ಅಂತ 1996ರಲ್ಲೇ ತೋರಿಸಿದ್ದರು. ಮೀಥೈಲ್‌ಫೆನಿಡೇಟ್ ಕೂಡ ಮುಖ್ಯವಾಗಿ ಹಿಡಿಯುವುದು ಡ್ಯಾಟನ್ನೇ. ಎಡಿಎಚ್‌ಡಿ (ಗಮನ ನಿಲ್ಲದೆ ಚಡಪಡಿಸುವ ತೊಂದರೆ) ಇರುವ ಮಕ್ಕಳಿಗೆ ಕೊಡುವ ಔಷಧಿ ಅದು. ಅದಕ್ಕೂ ಇಲ್ಲಿ ಕೆಲಸ ಇರಬಾರದು. ಆದರೆ ಇಲಿಗಳು ಶಾಂತವಾದವು ಅಂತ 1999ರ ವರದಿ ಹೇಳಿತ್ತು. ನಂಬಿಕೆ ಬರದೆ ನಾನೂ ಮಾಡಿದೆ. ಸೂಜಿಯ ಗಾಬರಿ ಕಳೆಯಲಿ ಅಂತ ಮೂರು ದಿನ ಬರೀ ಸಲೈನ್, ಅಂದರೆ ಉಪ್ಪು ನೀರು, ಚುಚ್ಚಿದೆ. ನಾಲ್ಕನೇ ದಿನ ಔಷಧಿ ಕೊಟ್ಟೆ. ಅರ್ಧ ಗಂಟೆಯೊಳಗೆ ಪರದೆಯ ಮೇಲಿನ ಗೆರೆ ಇಳಿಯತೊಡಗಿತು. ಎರಡು ಗಂಟೆ ನಿಲ್ಲದ ಆ ಜಾತಿಯ ಇಲಿ ಮೂಲೆಯಲ್ಲಿ ಕೂತು ಮೀಸೆ ಒರೆಸಿಕೊಂಡಿತು. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.

ಮಿದುಳಿನ ಇನ್ನೊಂದು ರಾಸಾಯನಿಕವಾದ ಸಿರೊಟೋನಿನ್ ಹೆಚ್ಚಿಸುವ ಫ್ಲುಯೊಕ್ಸೆಟಿನ್ ಅನ್ನುವ ಔಷಧಿ ಕೂಡ ಇವನ್ನು ಶಾಂತ ಮಾಡುತ್ತದೆ. ಅಂದರೆ ಇಷ್ಟು ಡೋಪಮೈನ್ ನಡುವೆಯೂ ಕಡಿವಾಣ ಹಾಕುವ ದಾರಿ ಬೇರೆ ಇದೆ. ಇದನ್ನು ಕೇಳಿದ ತಂದೆತಾಯಿಯರು ನಮ್ಮ ಮಗುವಿಗೂ ಹೀಗೇನಾ ಅಂತ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಯಾವ ಮಗುವಿನ ಚಡಪಡಿಕೆಯನ್ನೂ ಈ ಇಲಿಯ ಓಟದಿಂದ ಅಳೆಯಬಾರದು.

ಹುಟ್ಟಿನಿಂದ ಜೀನ್ ಇಲ್ಲದ್ದು ಬೇರೆ, ಬೆಳೆದ ಮೇಲೆ ಕಳೆದುಕೊಂಡದ್ದು ಬೇರೆ. ಈಗ ಎರಡನೆಯದನ್ನು ನೋಡಲು ಹೊರಟಿದ್ದೇನೆ. ಜೀನಿನ ಎರಡೂ ಪಕ್ಕ ಗುರುತು ಹಾಕಿಟ್ಟು, ಇಲಿ ದೊಡ್ಡದಾದ ಮೇಲೆ ಟಮಾಕ್ಸಿಫೆನ್ ಅನ್ನುವ ಔಷಧಿ ಕೊಟ್ಟು, ಅದು ಎಚ್ಚರಿಸುವ ಕ್ರೀ ಅನ್ನುವ ಕಿಣ್ವದಿಂದ ಅದನ್ನು ಕತ್ತರಿಸಿ ತೆಗೆಯುವುದು. ಮೊದಲ ಸೂಲು ಹೋದ ವಾರ ಹುಟ್ಟಿತು. ಏಳು ಮರಿಗಳು, ಎಲ್ಲವೂ ಒಂದೇ ಗಾತ್ರ.