ಭಾರ ಯಾವ ಕಾಲ ಮೇಲಿದೆ? ಅರವತ್ತು ದಾಟಿದ ಮೇಲೆ ಲೈನ್ ಡಾನ್ಸ್

ಲೈನ್ ಡಾನ್ಸ್‌ಗೆ ಜೋಡಿ ಬೇಕಿಲ್ಲ. ನಾನು ಇದನ್ನೇ ಆರಿಸಿಕೊಂಡದ್ದು ಮುಖ್ಯವಾಗಿ ಅದಕ್ಕೇ. ಎಲ್ಲರೂ ಸಾಲಾಗಿ ನಿಲ್ಲುತ್ತಾರೆ, ಒಂದೇ ಕಡೆ ಮುಖ ಮಾಡಿ ಒಂದೇ ಹೆಜ್ಜೆ ಹಾಕುತ್ತಾರೆ. ಯಾರ ಕಾಲನ್ನೂ ತುಳಿಯುವ ಭಯವಿಲ್ಲ. ಅರವತ್ತು ದಾಟುವವರೆಗೆ ಕುಣಿದೇ ಗೊತ್ತಿಲ್ಲದ ನನಗೆ ಇದು ಸರಿಹೋಯಿತು.

ಲೆಕ್ಕ ಸುಲಭ. ಒಂದು ಡಾನ್ಸ್ ಅಂದರೆ ಸಾಮಾನ್ಯವಾಗಿ 32, 48 ಇಲ್ಲವೇ 64 ಕೌಂಟ್, ಅಂದರೆ ತಾಳದ ಎಣಿಕೆ. ಅದನ್ನು ಎಂಟೆಂಟು ಕೌಂಟಿನ ತುಂಡು ಮಾಡಿ ಕಲಿಸುತ್ತಾರೆ. ಕೊನೆ ಮುಟ್ಟುವಷ್ಟರಲ್ಲಿ ನಾವು ಬೇರೆ ಗೋಡೆಗೆ ತಿರುಗಿರುತ್ತೇವೆ, ಅಲ್ಲಿಂದ ಮತ್ತೆ ಮೊದಲ ಹೆಜ್ಜೆ. ಪ್ರತಿ ಸಲ ಕಾಲುಭಾಗ ತಿರುಗಿದರೆ ಅದು ನಾಲ್ಕು ವಾಲ್ ಡಾನ್ಸ್, ಅರ್ಧ ತಿರುಗಿದರೆ ಎರಡು ವಾಲ್. ನಾನು ಮೊದಲು ಕಲಿತದ್ದು ಎಲೆಕ್ಟ್ರಿಕ್ ಸ್ಲೈಡ್. ರಿಕ್ ಸಿಲ್ವರ್ 1976ರಲ್ಲಿ ಮಾಡಿದ ಡಾನ್ಸ್ ಅದು. ಈಗ ಹೆಚ್ಚು ಜನ ಕುಣಿಯುವ ರೂಪದಲ್ಲಿ ಬರೀ 18 ಕೌಂಟ್, ನಾಲ್ಕು ವಾಲ್.

ಅದರ ಮೊದಲ ಹೆಜ್ಜೆಯೇ ಗ್ರೇಪ್‌ವೈನ್. ಬಲಗಾಲು ಬಲಕ್ಕೆ, ಎಡಗಾಲು ಅದರ ಹಿಂದಕ್ಕೆ, ಮತ್ತೆ ಬಲಗಾಲು ಬಲಕ್ಕೆ. ನಾಲ್ಕನೇ ಕೌಂಟಿಗೆ ಎಡಗಾಲನ್ನು ಪಕ್ಕಕ್ಕೆ ತಂದು ಟಚ್. ಎಲ್ಲ ಇರುವುದು ಈ ಟಚ್‌ನಲ್ಲೇ. ಬೆರಳ ತುದಿ ನೆಲಕ್ಕೆ ತಾಗಬೇಕು, ಮೈಭಾರ ಬೀಳಬಾರದು. ಆಗ ಎಡಗಾಲು ಖಾಲಿ ಇರುತ್ತದೆ, ಐದನೇ ಕೌಂಟಿಗೆ ಎಡಕ್ಕೆ ಹೊರಡಬಹುದು. ಟಚ್ ಬದಲು ಗಟ್ಟಿಯಾಗಿ ಊರಿಬಿಟ್ಟರೆ ಬೇಕಾದ ಕಾಲು ಮೇಲೇಳುವುದೇ ಇಲ್ಲ. ‘ಅಯ್ಯೋ, ಹೆಜ್ಜೆ ಮರೆತುಹೋಯ್ತು’ ಅನ್ನುತ್ತೇವಲ್ಲ, ಎಷ್ಟೋ ಸಲ ಅದು ಮರೆವೇ ಅಲ್ಲ. ಭಾರ ಬೇರೆ ಕಾಲ ಮೇಲಿರುತ್ತದೆ, ಅಷ್ಟೇ. ವಯಸ್ಸಿಗೆ ಸುಮ್ನೆ ಕೆಟ್ಟ ಹೆಸರು!

ಹಾಗಾಗಿ ಮನೆಯಲ್ಲಿ ನಾನು ಹಾಡು ಹಾಕುವುದಕ್ಕೆ ಮುಂಚೆ ಕುರ್ಚಿಯ ಬೆನ್ನು ಹಿಡಿದು ಒಂದೊಂದೇ ಕೌಂಟ್ ಮಾಡುತ್ತೇನೆ. ಪ್ರತಿ ಕೌಂಟಿಗೂ ನಿಂತು, ಮುಂದೆ ಇಡಬೇಕಾದ ಕಾಲನ್ನು ಸ್ವಲ್ಪ ಎತ್ತಿ ನೋಡುತ್ತೇನೆ. ಮೈ ವಾಲದೆ ಎದ್ದರೆ ಸರಿ. ನೋಡುವವರಿಗೆ ತಮಾಷೆ ಅನ್ನಿಸಬಹುದು, ಆದರೆ ನನಗೆ ಇದರಷ್ಟು ಉಪಯೋಗಕ್ಕೆ ಬಂದ ಅಭ್ಯಾಸ ಇನ್ನೊಂದಿಲ್ಲ. ಆಮೇಲೆ ಹಾಡಿನ ವೇಗವನ್ನು ಮುಕ್ಕಾಲಿಗೆ ಇಳಿಸಿಕೊಂಡು ಕುಣಿಯುತ್ತೇನೆ. ಬಾಯಲ್ಲಿ ಕೌಂಟ್ ಜೋರಾಗಿಯೇ ಹೇಳುತ್ತೇನೆ.

ಇನ್ನೊಂದು ತೊಡಕು ಎರಡನೇ ವಾಲ್. ಟಿವಿ ಎದುರು ಸಲೀಸಾಗಿ ಬರುವ ಹೆಜ್ಜೆ, ಕಿಟಕಿ ಕಡೆ ತಿರುಗಿದ ತಕ್ಷಣ ಕೈಕೊಡುತ್ತದೆ. ಅದಕ್ಕೇ ಈಗ ಅಭ್ಯಾಸವನ್ನು ಒಂದೊಂದು ದಿನ ಒಂದೊಂದು ಗೋಡೆಯಿಂದ ಶುರು ಮಾಡುತ್ತೇನೆ. ತರಗತಿಯಲ್ಲಿ ನಿಲ್ಲುವುದು ನಡುಸಾಲಿನ ನಡುವೆ. ಹೊಸಬರು ನಾಚಿಕೊಂಡು ಹಿಂದಿನ ಸಾಲಿಗೆ ಹೋಗುತ್ತಾರೆ. ಎರಡು ವಾಲ್ ಡಾನ್ಸ್‌ನಲ್ಲಿ ಅರ್ಧ ತಿರುಗಿದರೆ ಹಿಂದಿನ ಸಾಲೇ ಮುಂದಿನ ಸಾಲು ಅಲ್ವಾ? ನೋಡಿಕೊಂಡು ಕುಣಿಯೋಣ ಅಂದರೆ ಎದುರಿಗೆ ಬರೀ ಗೋಡೆ. ನಡುವೆ ನಿಂತರೆ ಯಾವ ಕಡೆ ತಿರುಗಿದರೂ ಮುಂದೆ ಒಬ್ಬರು ಇದ್ದೇ ಇರುತ್ತಾರೆ.

ಮಂಡಿಯ ವಿಷಯದಲ್ಲಿ ಮಾತ್ರ ನಾನು ತುಂಬ ಕಟ್ಟುನಿಟ್ಟು. ಓಡುವ ಶೂಗಳ ರಬ್ಬರ್ ಅಟ್ಟೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ, ತಿರುಚುವುದು ಮಂಡಿ. ಹಿಮ್ಮಡಿ ಬಿಗಿಯಾಗಿ ಕೂರುವ, ನಯವಾದ ಅಟ್ಟೆಯ ಶೂ ಸಾಕು. ಬರೀ ಸಾಕ್ಸ್‌ನಲ್ಲಂತೂ ಬೇಡವೇ ಬೇಡ, ಜಾರುತ್ತದೆ. ರೋಲಿಂಗ್ ವೈನ್ ಬಂದರೆ, ಅಂದರೆ ಪಕ್ಕಕ್ಕೆ ಹೋಗುತ್ತಾ ಪೂರ್ತಿ ಒಂದು ಸುತ್ತು ಹಾಕುವ ಜಾಗದಲ್ಲಿ, ನಾನು ಸುತ್ತು ಬಿಟ್ಟು ಮಾಮೂಲಿ ಗ್ರೇಪ್‌ವೈನ್ ಹಾಕುತ್ತೇನೆ. ಕೌಂಟ್ ಅಷ್ಟೇ, ಹೋಗಿ ಸೇರುವ ಜಾಗ ಅದೇ, ಕೊನೆಗೆ ಖಾಲಿ ಉಳಿಯುವ ಕಾಲೂ ಅದೇ. ಸಾಲು ಕೆಡುವುದಿಲ್ಲ. ತಲೆ ಸುತ್ತುವುದೂ ಇಲ್ಲ.

ಬಿಗಿನರ್ ಡಾನ್ಸ್‌ಗಳು ಒಂದಷ್ಟು ಕೈಗೆ ಹತ್ತಿದ ಮೇಲೆ ಈಗ ಇಂಪ್ರೂವರ್ ಮಟ್ಟದ್ದೊಂದನ್ನು ಹಿಡಿದಿದ್ದೇನೆ. ಅದರಲ್ಲಿ ರೀಸ್ಟಾರ್ಟ್ ಇದೆ. ಮೂರನೇ ವಾಲ್‌ನಲ್ಲಿ 16 ಕೌಂಟಿಗೇ ನಿಲ್ಲಿಸಿ ಮತ್ತೆ ಮೊದಲ ಹೆಜ್ಜೆಗೆ ಹೋಗಬೇಕು. ಕೌಂಟ್ ನಂಬಿಕೊಂಡರೆ ಆಗುವುದಿಲ್ಲ, ಹಾಡು ಕೇಳಬೇಕು. ಅಲ್ಲಿ ಹಾಡಿನ ಸಾಲು ಅರ್ಧಕ್ಕೇ ಮುಗಿದು ಪಲ್ಲವಿ ಎತ್ತಿಕೊಳ್ಳುತ್ತದೆ. ಅದಕ್ಕೇ ಈ ವಾರ ಕುಣಿತ ಕಡಿಮೆ, ಅಡುಗೆಮನೆಯಲ್ಲಿ ಹಾಡು ಕೇಳುವುದು ಜಾಸ್ತಿ.