ಕಾಡುಹೂವಿಗೆ ಗೊಬ್ಬರ ಬೇಡ

ಮನೆ ಮುಂದೆ ಕಾಡುಹೂವು ಬೆಳೆಸುವ ಆಸೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟು: ಗೊಬ್ಬರದ ಚೀಲ ಒಳಗಿಡಿ. ತುಮಕೂರಿನ ನಮ್ಮ ಮನೆಯ ಕಾಂಪೌಂಡ್ ಒಳಗೆ 6 ಅಡಿ ಅಗಲ, 20 ಅಡಿ ಉದ್ದದ ಕೆಮ್ಮಣ್ಣಿನ ಪಟ್ಟಿ ಇದೆ. ಮೊದಲ ವರ್ಷ ಅಲ್ಲಿ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹರಡಿ ತುಂಬೆ, ಕರ್ಣಕುಂಡಲ ಬೀಜ ಹಾಕಿದ್ದೆ. ಗಿಡ ಉದ್ದುದ್ದ ಬಂತು, ಎಲೆಯೋ ಎಲೆ. ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಒಂದು ಜೋರು ಮಳೆಗೆ ಎಲ್ಲ ಮಲಗಿಬಿಟ್ಟವು. ನಡುವೆ ಹುಲ್ಲು ಬೇರೆ ಸೊಕ್ಕಿ ಬೆಳೆಯಿತು. ಹೊಲದ ಬದುವಿನಲ್ಲಿ, ಬೇಲಿ ಸಂದಿಯಲ್ಲಿ ಬಾಳುವ ಗಿಡಗಳಿಗೆ ಬಡ ಮಣ್ಣೇ ಹಿತ. ಅಲ್ಲಿಂದ ಈಚೆಗೆ ಒಂದು ಬುಟ್ಟಿ ಗೊಬ್ಬರವನ್ನೂ ಹಾಕಿಲ್ಲ.

ಅಂಗಡಿಯಲ್ಲಿ ಕಾಡುಹೂವಿನ ಮಿಶ್ರಣ ಅಂತ ಚಂದದ ಪ್ಯಾಕೆಟ್ ಸಿಗುತ್ತದೆ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಇರುವುದು ಚಳಿ ದೇಶದ ಹೂಗಳು. ಒಂದು ಸಲ ಅರಳಿ ಹೋಗುತ್ತವೆ, ನಮ್ಮ ಬೇಸಿಗೆ ತಡೆಯುವುದಿಲ್ಲ. ಅದರ ಬದಲು ಊರ ಕಡೆ ಹೋದಾಗ ಬದುವಿನ ಮೇಲೆ ಒಂದು ಕಣ್ಣಿಡಿ. ತುಂಬೆ, ಗೋರಂಟೆ, ಶಂಖಪುಷ್ಪ, ತಂಗಡಿ, ಒಣ ಕಾಯಿ ಅಲ್ಲಾಡಿಸಿದರೆ ಸದ್ದು ಮಾಡುವ ಗಿಜಿಗಿಜಿ, ಇಷ್ಟಿದ್ದರೆ ಸಾಕು. ಜೊತೆಗೆ ಒಂದು ಹಿಡಿ ಹುಚ್ಚೆಳ್ಳು ಹಾಕಿ. ಅದು ಬೆಳೆಯೇ, ಕಾಡುಹೂವಲ್ಲ. ಆದರೆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುವೆ ಬೇರೆ ಬೆಳೆ ಬಿತ್ತುವ ಸಾಲಿನಲ್ಲಿ, ಅದು ಹಳದಿಯಾಗಿ ಅರಳಿದಾಗ ಜೇನು ಮುತ್ತುವುದನ್ನು ನೋಡಿದವರು ಅದನ್ನು ಬಿಡಲಾರರು. ಬೀಜ ಆರಿಸುವಾಗ ಒಂದು ಗಿಡದಿಂದ ಸ್ವಲ್ಪ ಮಾತ್ರ ತೆಗೆಯಿರಿ, ಗಿಡ ಕೀಳಬೇಡಿ. ಕಾಡಿಗೆ, ಬೆಟ್ಟಕ್ಕೆ ಹೋದಾಗಲಂತೂ ಕೈ ಹಾಕಲೇಬೇಡಿ. 12 ವರ್ಷಕ್ಕೊಮ್ಮೆ ಅರಳುವ ಗುರಿಗೆ ಗಿಡ, ಅಂದರೆ ನೀಲಕುರಿಂಜಿ, ಬೆಟ್ಟದ ತಂಪಿನಲ್ಲೇ ಇರಲಿ.

ಕರ್ಣಕುಂಡಲದ ಬೀಜ ಹಿಡಿಯುವುದಕ್ಕೆ ಸ್ವಲ್ಪ ಉಪಾಯ ಬೇಕು. ಕಾಯಿ ಬಲಿತ ಮೇಲೆ ಬೆರಳು ತಾಗಿದರೆ ಸಾಕು, ಸಿಡಿದು ಬೀಜ ಚೆಲ್ಲಿಹೋಗುತ್ತದೆ. ಹಸಿರು ತಿರುಗಿ ಹಳದಿಯಾಗುವ ಹೊತ್ತಿಗೆ ತೆಳು ಬಟ್ಟೆ ಸಡಿಲವಾಗಿ ಕಟ್ಟಿಬಿಡಿ. ಶಂಖಪುಷ್ಪದ ಬೀಜದ ಸಿಪ್ಪೆ ಗಟ್ಟಿ. ಒರಟು ಕಲ್ಲಿಗೆ ಒಂದೆರಡು ಸಲ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ ಹಾಕಿದರೆ ಬೇಗ ಮೊಳೆಯುತ್ತದೆ. ಗೋರಂಟೆಗೆ ಬೀಜ ಹುಡುಕುವುದೇ ಬೇಡ, ಮಳೆಗಾಲದಲ್ಲಿ ಕಡ್ಡಿ ನೆಟ್ಟರೆ ಬರುತ್ತದೆ.

ರೋಹಿಣಿ ಮಳೆ ಬಂದು ನೆಲ ನೆನೆದ ಮೇಲೆ, ಅಂದರೆ ಜೂನ್ ಶುರುವಿನ ಹೊತ್ತಿಗೆ, ಮೇಲ್ಮಣ್ಣನ್ನು ಸುಮ್ನೆ ಕೆದಕಿ. ಆಳವಾಗಿ ಅಗೆಯಬೇಡಿ. ಅಗೆದಷ್ಟೂ ಒಳಗೆ ಮಲಗಿರುವ ಕಳೆ ಬೀಜ ಮೇಲೆ ಬರುತ್ತದೆ. ತುಂಬೆ ಬೀಜ ತೀರಾ ಸಣ್ಣದು. ಒಂದು ಹಿಡಿ ಬೀಜಕ್ಕೆ ನಾಲ್ಕೈದು ಹಿಡಿ ಒಣ ಮರಳು ಬೆರೆಸಿ ಎರಚಿ, ಅಂಗಾಲಲ್ಲಿ ಮೆಲ್ಲಗೆ ಅದುಮಿ. ಮೇಲೆ ಮಣ್ಣು ಮುಚ್ಚುವುದು ಬೇಡ.

ಮೊದಲ ವರ್ಷ ಎಲ್ಲರಿಗೂ ಆಗುವ ಗೊಂದಲ ಒಂದಿದೆ. ಮೊಳಕೆ ಯಾವುದು, ಕಳೆ ಯಾವುದು ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಬೀಜವನ್ನೂ ಒಂದೊಂದು ಕುಂಡದಲ್ಲಿ ಸ್ವಲ್ಪ ಹಾಕಿ, ಹೆಸರು ಬರೆದಿಡಿ. ಕುಂಡದ ಮೊಳಕೆ ನೋಡಿಕೊಂಡು ನೆಲದಲ್ಲಿ ಕಳೆ ಕೀಳಬಹುದು. ಕಾಂಗ್ರೆಸ್ ಗಿಡ ಕಂಡರೆ ಹೂ ಬಿಡುವ ಮೊದಲೇ ಬೇರುಸಹಿತ ತೆಗೆಯಿರಿ, ಕೈಗೆ ಗ್ಲೌಸ್ ಇರಲಿ. ಬರಿಗೈಲಿ ಮುಟ್ಟಿ ಮೈ ತುರಿಸಿಕೊಂಡು ಒದ್ದಾಡುವವರು ಬಹಳ ಜನ. ಲಂಟಾನ ಹೂವಿಗೂ ಚಿಟ್ಟೆ ಬರುತ್ತದೆ, ನಿಜ. ಆದರೆ ಅದರ ಹಣ್ಣನ್ನು ಹಕ್ಕಿಗಳು ತಿಂದು ಎಲ್ಲೆಲ್ಲೋ ಬೀಜ ಹಾಕುತ್ತವೆ. ನಮ್ಮ ಕಾಡುಗಳನ್ನು ಅದು ಹೇಗೆ ನುಂಗಿದೆ ಅಂತ ನೋಡಿದ್ದೇವಲ್ವಾ, ಮನೆಯಲ್ಲೂ ಯಾಕೆ?

ಹೂವಿನ ಜೊತೆಗೆ ಎಲೆಯನ್ನೂ ಬಿಟ್ಟುಕೊಡಬೇಕು. ಚಿಟ್ಟೆ ಮೊಟ್ಟೆ ಇಡುವುದು ಎಲೆಯ ಮೇಲೆ. ಕರಿಬೇವು, ನಿಂಬೆ ಎಲೆಯಲ್ಲಿ ಹುಳು ಕಂಡರೆ ಔಷಧಿ ಹೊಡೆಯಬೇಡಿ, ಗಿಡ ಮತ್ತೆ ಚಿಗುರುತ್ತದೆ. ಮೂಲೆಯಲ್ಲಿ ಒಂದು ಎಕ್ಕದ ಗಿಡ ಇದ್ದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಬರುತ್ತದೆ, ಹುಲಿ ಬಣ್ಣದ ಚಿಟ್ಟೆಯಾಗಿ ಹಾರುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಮಕ್ಕಳಿಗೆ ಹೇಳಿಕೊಡಿ. ಎರಡು ಅಡಿ ಜಾಗದಲ್ಲಿ ಏನೂ ಹಾಕದೆ ಬರಿ ನೆಲ ಬಿಡಿ. ಎಲ್ಲ ಜೇನೂ ಗೂಡು ಕಟ್ಟಿ ಗುಂಪಾಗಿ ಬಾಳುವುದಿಲ್ಲ. ಮಣ್ಣಲ್ಲಿ ತೂತು ಕೊರೆದು ಒಂಟಿಯಾಗಿ ಇರುವವೂ ಇವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂದು ಜೇನು ಹಾಗೆಯೇ. ಟೊಮೆಟೊ, ಬದನೆ ಹೂವನ್ನು ಹಿಡಿದು ಗುಂಯ್ ಅಂತ ನಡುಗಿಸಿ ಪರಾಗ ಉದುರಿಸುತ್ತದೆ. ಕಾಯಿ ಚೆನ್ನಾಗಿ ಕಚ್ಚುತ್ತದೆ.

ಪಕ್ಕದ ಮನೆಯವರು ಹಾವಿನ ಭಯ ಹೇಳುವುದು ಸಹಜ. ಅವರ ಮಾತು ತಳ್ಳಿಹಾಕಬೇಡಿ. ನಡೆದಾಡುವ ಜಾಗದ ಪಕ್ಕ ಒಂದು ಅಡಿ ಚೊಕ್ಕ ಮಾಡಿ, ಸಾಲಾಗಿ ಕಲ್ಲು ಜೋಡಿಸಿ. ಪಾಳು ಬಿಟ್ಟದ್ದಲ್ಲ, ಬೆಳೆಸಿದ್ದು ಅಂತ ನೋಡಿದವರಿಗೆ ಗೊತ್ತಾಗುತ್ತದೆ. ನಾನು ಹಾಗೆ ಮಾಡುವ ಮೊದಲು, ಒಮ್ಮೆ ನಾನು ಊರಲ್ಲಿಲ್ಲದಾಗ ಗೇಟಿನ ಆಚೆಯ ಹೂಗಿಡಗಳನ್ನೆಲ್ಲ ಯಾರೋ ಕಳೆ ಅಂತ ಕಡಿದುಹಾಕಿದ್ದರು. ತಂಗಡಿ ತುಂಬ ಮೊಗ್ಗಿತ್ತು. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ಜನವರಿ ಹೊತ್ತಿಗೆ ಬೀಜ ಒಣಗಿದ ಮೇಲೆ ಗಿಡಗಳನ್ನು ಒಂದು ಗೇಣು ಬಿಟ್ಟು ಕತ್ತರಿಸಿ. ಒಂದೇ ದಿನ ಎಲ್ಲ ಬೇಡ. ಈ ಸಲ ಅರ್ಧ, ತಿಂಗಳು ಬಿಟ್ಟು ಇನ್ನರ್ಧ. ಕಡ್ಡಿಗಳಲ್ಲಿ ಗೂಡು, ಮೊಟ್ಟೆ ಇರುತ್ತವೆ. ಕತ್ತರಿಸಿದ್ದನ್ನು ಅಲ್ಲೇ ವಾರ ಬಿಟ್ಟರೆ ಬೀಜ ಉದುರುತ್ತದೆ. ಆಮೇಲೆ ಮೂಲೆಗೆ ಸರಿಸಿ, ಬೆಂಕಿ ಮಾತ್ರ ಹಾಕಬೇಡಿ.

ಏಪ್ರಿಲ್‌ನಲ್ಲಿ ಆ ಜಾಗ ನೋಡಿದರೆ ಬೇಜಾರಾಗುತ್ತದೆ. ಒಣ ಕಡ್ಡಿ, ಬಿರುಕು ಬಿಟ್ಟ ಮಣ್ಣು. ಆಗ ನೀರು ಹಾಯಿಸಬೇಡಿ, ಹೊಸ ಗಿಡ ತಂದು ನೆಡಬೇಡಿ. ಮಳೆ ಹಿಡಿದ ಮೇಲೆ ದಿನಾ ಬೆಳಿಗ್ಗೆ ಬಗ್ಗಿ ನೋಡಿ. ಎಂಟು ಹತ್ತು ದಿನಕ್ಕೆ ಸಾಸಿವೆಯಷ್ಟು ಪುಟ್ಟ ಜೋಡಿ ಎಲೆಗಳು ಕಾಣುತ್ತವೆ. ಅಲ್ಲಿಂದ ತಿಂಗಳು ಯಾರೂ ಆ ಪಟ್ಟಿಯ ಮೇಲೆ ಕಾಲಿಡದಂತೆ ಒಂದು ಹುರಿ ಕಟ್ಟಿಡಿ.